ವರ್ಗಾವಣೆ ಬಂತು, ಮಕ್ಕಳ ಶಾಲೆ ಏನು ಮಾಡೋದು? ಪುಣೆ, ಮುಂಬೈ, ಗೋವಾಕ್ಕೆ ಬರುವ ಕನ್ನಡ ಕುಟುಂಬಗಳಿಗೆ ಮಾರ್ಗದರ್ಶಿ

ಮಾರ್ಚ್ ಬಂತೆಂದರೆ ಫೋನುಗಳು ಶುರು. "ಅಕ್ಕಾ, ಇವರಿಗೆ ಪುಣೆಯ ಖಡ್ಕಿಗೆ ಪೋಸ್ಟಿಂಗ್ ಆಗಿದೆ. ಮಗಳು ಏಳನೇ ಕ್ಲಾಸು. ಟಿಸಿ ಇನ್ನೂ ಬೆಳಗಾವಿಯಲ್ಲೇ ಇದೆ. ಅಲ್ಲಿ ಸೇರಿಸ್ಕೋತಾರಾ?" ಕಾರವಾರದಿಂದ ವಾಸ್ಕೋಗೆ ಹೋಗುವ ನೌಕಾಪಡೆಯವರು, ಹುಬ್ಬಳ್ಳಿಯಿಂದ ಮುಂಬೈಗೆ ಬರುವ ರೈಲ್ವೆಯವರು, ಮೂರು ವರ್ಷಕ್ಕೊಂದು ಊರು ಕಾಣುವ ಬ್ಯಾಂಕಿನವರು, ಕಟ್ಟಡ ಕೆಲಸಕ್ಕೆಂದು ಯಾದಗಿರಿ, ಕಲಬುರಗಿಯಿಂದ ಪುಣೆಗೆ ಬಂದವರು, ಎಲ್ಲರದ್ದೂ ಇದೇ ಪ್ರಶ್ನೆ. ಅದಕ್ಕೆ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಕಾಗದ ಬಂದಿಲ್ಲ ಎಂಬ ಕಾರಣಕ್ಕೆ ಮಗು ಒಂದು ವಾರವೂ ಮನೆಯಲ್ಲಿ ಕೂರಬಾರದು. ಕೆಳಗಿರುವ ಎಲ್ಲ ಹಂತಗಳೂ ಇದಕ್ಕಾಗಿಯೇ ಇವೆ.

1. ಯಾವ ಶಾಲೆಗೆ ಯಾವ ನಿಯಮ ಅಂತ ತಿಳಿದುಕೊಳ್ಳಿ

ಇಲ್ಲೇ ಜಾಸ್ತಿ ಗೊಂದಲ. "ಆರ್‌ಟಿಇ ಕಾನೂನಿದೆ, ಸೇರಿಸಿಕೊಳ್ಳಲೇಬೇಕು" ಎಂದು ಎಲ್ಲ ಶಾಲೆಯಲ್ಲೂ ವಾದ ಮಾಡಿದರೆ ಆಗುವುದಿಲ್ಲ.

ಆರ್‌ಟಿಇ ಎಂದರೆ 2009ರ ಶಿಕ್ಷಣ ಹಕ್ಕು ಕಾಯ್ದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಕ್ಕಳಿಗೆ, ಅಂದರೆ 8ನೇ ತರಗತಿವರೆಗೆ ಅನ್ವಯಿಸುತ್ತದೆ. ಇದರ 5ನೇ ಸೆಕ್ಷನ್ ನಿಮಗೆ ಬೇಕಾದದ್ದು. ಮಗು ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋದರೂ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗಾವಣೆ ಕೇಳುವ ಹಕ್ಕು ಅದಕ್ಕಿದೆ. ಹಳೇ ಶಾಲೆಯ ಮುಖ್ಯೋಪಾಧ್ಯಾಯರು ತಕ್ಷಣ ಟಿಸಿ ಕೊಡಬೇಕು. ಟಿಸಿ ತಡವಾಯಿತು ಎಂದು ಹೊಸ ಶಾಲೆ ದಾಖಲಾತಿಯನ್ನು ತಡ ಮಾಡುವಂತಿಲ್ಲ, ನಿರಾಕರಿಸುವಂತೆಯೂ ಇಲ್ಲ.

ಮಹಾನಗರಪಾಲಿಕೆ ಶಾಲೆ, ಜಿಲ್ಲಾ ಪರಿಷತ್ ಶಾಲೆ, ಕಂಟೋನ್ಮೆಂಟ್ ಬೋರ್ಡ್ ಶಾಲೆ, ಸರ್ಕಾರದ ಅನುದಾನ ಪಡೆಯುವ ಖಾಸಗಿ ಶಾಲೆ, ಇವೆಲ್ಲ ಈ ಹಕ್ಕಿನ ಒಳಗೆ ಬರುತ್ತವೆ. ಪುಣೆಯಲ್ಲಿ ಪುಣೆ, ಖಡ್ಕಿ, ದೇಹೂ ರೋಡ್ ಎಂದು ಮೂರು ಕಂಟೋನ್ಮೆಂಟ್‌ಗಳಿವೆ. ಅವುಗಳ ಶಾಲೆಗಳನ್ನು ನಮ್ಮ ಜನ ನೋಡುವುದೇ ಕಡಿಮೆ. ಒಮ್ಮೆ ಹೋಗಿ ನೋಡಿ.

ಕೇಂದ್ರೀಯ ವಿದ್ಯಾಲಯ (ಕೆವಿ), ಆರ್ಮಿ ಪಬ್ಲಿಕ್ ಸ್ಕೂಲ್, ನೇವಿ ಚಿಲ್ಡ್ರನ್ ಸ್ಕೂಲ್, ಅನುದಾನವಿಲ್ಲದ ಖಾಸಗಿ ಶಾಲೆಗಳ ಮೇಲೆ 5ನೇ ಸೆಕ್ಷನ್‌ನ ಈ ಹಕ್ಕು ನಡೆಯುವುದಿಲ್ಲ. ಅವುಗಳಿಗೆ ಅವುಗಳದ್ದೇ ನಿಯಮ. ಕೆವಿಯಿಂದ ಕೆವಿಗೆ ವರ್ಗಾವಣೆಯ ಮೇಲೆ ಬಂದವರಿಗೆ ದಾರಿ ಸಲೀಸು. ಬೇರೆ ಶಾಲೆಯಿಂದ ಕೆವಿಗೆ ಬರುವವರು ಖಾಲಿ ಸೀಟು ನೋಡಬೇಕು. ಅಲ್ಲಿ ಕೇಂದ್ರ ಸರ್ಕಾರಿ ನೌಕರರ ಮತ್ತು ಸೈನಿಕರ ಮಕ್ಕಳಿಗೆ ಮೊದಲ ಆದ್ಯತೆ. ಆ ಆದ್ಯತೆಯ ಒಳಗೆ, ಹಿಂದಿನ 7 ವರ್ಷಗಳಲ್ಲಿ ಎಷ್ಟು ಸಲ ವರ್ಗಾವಣೆ ಆಗಿದೆ ಎಂಬುದನ್ನೂ ಎಣಿಸುತ್ತಾರೆ. ಹಾಗಾಗಿ ಹಳೇ ಪೋಸ್ಟಿಂಗ್ ಆರ್ಡರ್‌ಗಳನ್ನು ಎಸೆಯಬೇಡಿ.

ಒಂದು ಎಚ್ಚರಿಕೆ. ಖಾಸಗಿ ಶಾಲೆಯಲ್ಲಿ ಆರ್‌ಟಿಇ ಶೇ. 25ರ ಕೋಟಾದಲ್ಲಿ ಉಚಿತವಾಗಿ ಓದುತ್ತಿರುವ ಮಗುವಿನ ಸೀಟು ಊರು ಬಿಟ್ಟರೆ ಜೊತೆಗೆ ಬರುವುದಿಲ್ಲ. ಹೊಸ ಊರಿನ ಖಾಸಗಿ ಶಾಲೆಯಲ್ಲೂ ಅದೇ ಸೌಲಭ್ಯ ಸಿಗುತ್ತದೆಂದು ನಂಬಿ ಹೊರಡಬೇಡಿ.

2. ಕೈಯಲ್ಲೇ ಒಯ್ಯುವ ಫೈಲು

ಅಮೆರಿಕದಲ್ಲಿ ಸೈನಿಕರ ಮಕ್ಕಳಿಗಾಗಿ ಅಲ್ಲಿನ 50 ರಾಜ್ಯಗಳೂ ಸೇರಿಕೊಂಡಿರುವ ಒಂದು ಒಪ್ಪಂದವಿದೆ. ಅಪ್ಪ ಅಮ್ಮ ಕೈಯಲ್ಲಿ ತಂದ ದಾಖಲೆಯ ಪ್ರತಿಯನ್ನೇ ನೋಡಿ ಹೊಸ ಶಾಲೆ ಮಗುವನ್ನು ಕೂರಿಸಿಕೊಳ್ಳಬೇಕು. ಅಧಿಕೃತ ದಾಖಲೆ ಆಮೇಲೆ ಬರುತ್ತದೆ. ನಮ್ಮಲ್ಲಿ ಅಂಥ ಒಪ್ಪಂದ ಇಲ್ಲ. ಆದರೆ ಅಂಥ ಫೈಲು ಮಾಡಿಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ, ಅಲ್ವಾ?

ಫೈಲಿನಲ್ಲಿ ಇವು ಇರಲಿ: ಜನನ ಪ್ರಮಾಣಪತ್ರ, ಹಿಂದಿನ ಎರಡು ವರ್ಷದ ಅಂಕಪಟ್ಟಿ, ಈ ವರ್ಷ ಇಲ್ಲಿಯವರೆಗೆ ಬರೆದ ಪರೀಕ್ಷೆಗಳ ಅಂಕ, ಹಾಜರಾತಿಯ ವಿವರ, ಲಸಿಕೆ ಕಾರ್ಡು, ಪೋಸ್ಟಿಂಗ್ ಆರ್ಡರ್ ಅಥವಾ ಕಂಪನಿಯ ಪತ್ರ, ಜಾತಿ ಪ್ರಮಾಣಪತ್ರ ಇದ್ದರೆ ಅದು. ಜೊತೆಗೆ ಹಳೇ ಶಾಲೆಯಿಂದ ಒಂದು ಬೋನಾಫೈಡ್. ಬೋನಾಫೈಡ್ ಎಂದರೆ "ಈ ಮಗು ಇಂಥ ತರಗತಿಯಲ್ಲಿ ಓದುತ್ತಿದೆ" ಎಂದು ಶಾಲೆ ಬರೆದುಕೊಡುವ ಪತ್ರ. ಟಿಸಿ ತಡವಾದರೂ ಇದು ಒಂದೇ ದಿನದಲ್ಲಿ ಸಿಗುತ್ತದೆ. ಪಠ್ಯ ಎಲ್ಲಿಯವರೆಗೆ ಮುಗಿದಿದೆ ಎಂದು ಕ್ಲಾಸ್ ಟೀಚರ್ ಕೈಯಲ್ಲಿ ಅರ್ಧ ಪುಟ ಬರೆಸಿಕೊಂಡರೆ ಇನ್ನೂ ಒಳ್ಳೆಯದು. ಡಿಸೆಂಬರಿನಲ್ಲಿ ಶಾಲೆ ಬದಲಿಸುವ ಮಗುವಿಗೆ ಈ ಅರ್ಧ ಪುಟ ಬಹಳ ಉಪಯೋಗಕ್ಕೆ ಬರುತ್ತದೆ.

ಕೇಂದ್ರ ಸರ್ಕಾರಿ ನೌಕರರು ಮತ್ತು ಸೈನಿಕರು ಮಕ್ಕಳ ಶಿಕ್ಷಣ ಭತ್ಯೆಗೂ ಶಾಲೆಯ ಪತ್ರ ಕೊಡಬೇಕಾಗುತ್ತದೆ. 2024ರ ಜನವರಿ 1ರಿಂದ ಅದು ಒಂದು ಮಗುವಿಗೆ ತಿಂಗಳಿಗೆ 2,812.50 ರೂಪಾಯಿ. ಹಳೇ ಶಾಲೆಯ ಅವಧಿಗೆ ಬೇಕಾದ ಪತ್ರವನ್ನು ಊರು ಬಿಡುವ ಮುಂಚೆಯೇ ತೆಗೆದುಕೊಳ್ಳಿ. ಆಮೇಲೆ ಅದೊಂದಕ್ಕೇ ಐನೂರು ಕಿಲೋಮೀಟರ್ ವಾಪಸ್ ಹೋಗುವುದು ಯಾರಿಗೂ ಬೇಡ.

3. ಟಿಸಿ ತೆಗೆದುಕೊಳ್ಳುವಾಗ ಅಲ್ಲೇ ನಿಂತು ಓದಿ

ಮಹಾರಾಷ್ಟ್ರದಲ್ಲಿ ಟಿಸಿಗೆ ಎಲ್‌ಸಿ ಎನ್ನುತ್ತಾರೆ. ಮರಾಠಿಯಲ್ಲಿ "ಶಾಳಾ ಸೋಡಲ್ಯಾಚಾ ದಾಖಲಾ". ಎಲ್ಲ ಒಂದೇ.

ಟಿಸಿ ಕೈಗೆ ಬಂದ ಕೂಡಲೇ ಕೌಂಟರ್ ಬಿಡಬೇಡಿ. ಹೆಸರು, ಹುಟ್ಟಿದ ದಿನಾಂಕ ಅಂಕೆಯಲ್ಲೂ ಅಕ್ಷರದಲ್ಲೂ, ಹುಟ್ಟಿದ ಊರು, ಜಾತಿ, ಓದುತ್ತಿದ್ದ ತರಗತಿ, "ಪಾಸಾಗಿದೆ" ಎಂಬ ಮಾತು, ಪ್ರತಿಯೊಂದನ್ನೂ ಜನನ ಪ್ರಮಾಣಪತ್ರದ ಪಕ್ಕ ಇಟ್ಟು ನೋಡಿ. ಮಗು ಶಾಲೆಯ ರಿಜಿಸ್ಟರಿನಲ್ಲಿ ಇರುವವರೆಗೆ ತಿದ್ದುಪಡಿ ಸುಲಭ. ಬಿಟ್ಟ ಮೇಲೆ ತುಂಬಾ ಕಷ್ಟ. ಮಹಾರಾಷ್ಟ್ರದಲ್ಲಂತೂ ಮುಂದೆ ಜಾತಿ ಪರಿಶೀಲನೆಗೂ ಈ ಎಲ್‌ಸಿಯನ್ನೇ ಕೇಳುತ್ತಾರೆ.

ರಾಜ್ಯ ಬದಲಾಗುವಾಗ ಟಿಸಿ ಮೇಲೆ ಶಿಕ್ಷಣಾಧಿಕಾರಿಯ ಮೇಲುಸಹಿ ಕೇಳುವ ಶಾಲೆಗಳು ಬಹಳ. ಕರ್ನಾಟಕದಿಂದ ಹೊರಡುವವರು ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಸಹಿ ಹಾಕಿಸಿಕೊಂಡೇ ಬನ್ನಿ. ಬೇಡವಾದರೆ ನಷ್ಟವಿಲ್ಲ. ಬೇಕಾದರೆ ನಿಮ್ಮ ಹತ್ತು ದಿನ ಉಳಿಯಿತು.

4. ಹೆಸರಿನ ಗೊಂದಲ

ನಮ್ಮವರಿಗೆ ಹೆಚ್ಚಾಗಿ ಬರುವ ತೊಂದರೆ ಇದು. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕರ್ನಾಟಕದ ಟಿಸಿಯಲ್ಲಿ ಮಗುವಿನ ಹೆಸರು "ಸಹನಾ ಬಿ." ಎಂದಿರುತ್ತದೆ. ಆ "ಬಿ" ಅಪ್ಪನ ಹೆಸರು ಬಸವರಾಜ. ಮಹಾರಾಷ್ಟ್ರದ ಫಾರ್ಮಿನಲ್ಲಿ ಮೂರು ಚೌಕ: ಮೊದಲು ಅಡ್ಡಹೆಸರು (ಸರ್ನೇಮ್), ಆಮೇಲೆ ಮಗುವಿನ ಹೆಸರು, ಆಮೇಲೆ ಅಪ್ಪನ ಹೆಸರು. ಅಡ್ಡಹೆಸರಿನ ಚೌಕ ಖಾಲಿ ಬಿಡುವ ಹಾಗಿಲ್ಲ ಎಂದು ಗುಮಾಸ್ತರು ಹೇಳುತ್ತಾರೆ. ನಾವು ಗಡಿಬಿಡಿಯಲ್ಲಿ ಊರ ಹೆಸರನ್ನೋ ಮನೆತನದ ಹೆಸರನ್ನೋ ಬರೆಸಿಬಿಡುತ್ತೇವೆ. ಅಲ್ಲಿಗೆ ಮಗು "ಹಿರೇಮಠ ಸಹನಾ ಬಸವರಾಜ" ಆಯಿತು. ಆಧಾರ್‌ನಲ್ಲಿ ಇನ್ನೂ "ಸಹನಾ ಬಿ." ಅಂತಲೇ ಇದೆ. ಆಮೇಲೆ ಅಪಾರ್ ಐಡಿ (ಓದಿನ ದಾಖಲೆಗಳನ್ನು ಜೋಡಿಸುವ ಸಂಖ್ಯೆ) ಮಾಡಿಸಲು ಹೋದರೆ ಹೆಸರು ತಾಳೆಯಾಗದೆ ವಾಪಸ್ ಬರುತ್ತದೆ. ಹತ್ತನೇ ತರಗತಿ ಬೋರ್ಡಿಗೆ ಹೆಸರು ಹೋಗುವಾಗ ಇನ್ನೊಂದು ಸುತ್ತು.

ಹಾಗಾಗಿ ಫಾರ್ಮ್ ತುಂಬುವ ಮೊದಲೇ ಮನೆಯಲ್ಲಿ ಕೂತು ಒಂದೇ ರೂಪ ತೀರ್ಮಾನಿಸಿ. ಜನನ ಪ್ರಮಾಣಪತ್ರದಲ್ಲಿ, ಆಧಾರ್‌ನಲ್ಲಿ, ಟಿಸಿಯಲ್ಲಿ ಅದೇ ಇರಲಿ. ಬದಲಿಸಲೇಬೇಕಿದ್ದರೆ ಮೊದಲು ಜನನ ಪ್ರಮಾಣಪತ್ರ, ಆಮೇಲೆ ಆಧಾರ್, ಕೊನೆಗೆ ಶಾಲೆ. ತಿರುಗಾಮುರುಗ ಮಾಡಿದರೆ ಅಲೆದಾಟ ಜಾಸ್ತಿ. ಸೈನಿಕರಾದರೆ ಸರ್ವಿಸ್ ದಾಖಲೆಯಲ್ಲಿ ಮಗುವಿನ ಹೆಸರು ಹೇಗಿದೆ ಎಂದೂ ನೋಡಿ.

5. ಕಂಪ್ಯೂಟರಿನಲ್ಲಿ ಮಗು ಬಿಡುಗಡೆ ಆಗಿದೆಯಾ?

ಕೈಯಲ್ಲಿ ಟಿಸಿ ಇದೆ, ಆದರೂ ಹೊಸ ಶಾಲೆ "ಆನ್‌ಲೈನ್‌ನಲ್ಲಿ ಹೆಸರು ಬರ್ತಿಲ್ಲ" ಎನ್ನುತ್ತದೆ. ಏನು ಇದು?

ದೇಶದ ಎಲ್ಲ ಶಾಲೆಗಳ ಮಕ್ಕಳ ವಿವರ ಯುಡೈಸ್ ಪ್ಲಸ್ ಎಂಬ ಕೇಂದ್ರ ಪೋರ್ಟಲ್‌ನಲ್ಲಿ ಇರುತ್ತದೆ. ಅದರಲ್ಲಿ ಪ್ರತಿ ಮಗುವಿಗೂ ಪೆನ್ ಎಂಬ ಕಾಯಂ ಸಂಖ್ಯೆ ಇದೆ. ಕರ್ನಾಟಕದ ಸ್ಯಾಟ್ಸ್ ಮತ್ತು ಮಹಾರಾಷ್ಟ್ರದ ಸರಳ್ ಆಯಾ ರಾಜ್ಯದ ಸ್ವಂತ ವ್ಯವಸ್ಥೆಗಳು. ಸ್ಯಾಟ್ಸ್ ಸಂಖ್ಯೆ ಪುಣೆಯಲ್ಲಿ ನಡೆಯುವುದಿಲ್ಲ, ಪೆನ್ ನಡೆಯುತ್ತದೆ. ಅಪಾರ್ ಎಂಬುದು ಮಗುವಿನ ಓದಿನ ದಾಖಲೆಗಳನ್ನು ಜೋಡಿಸುವ 12 ಅಂಕಿಯ ಇನ್ನೊಂದು ಸಂಖ್ಯೆ, ಅದಕ್ಕೆ ಪೋಷಕರ ಒಪ್ಪಿಗೆ ಬೇಕು.

ಹಳೇ ಶಾಲೆ ಮಗುವನ್ನು "ಟಿಸಿ ಪಡೆದು ಹೋಗಿದೆ" ಎಂದು ಗುರುತು ಮಾಡಿದಾಗ ಹೆಸರು ಡ್ರಾಪ್‌ಬಾಕ್ಸ್‌ಗೆ ಹೋಗುತ್ತದೆ. ಅಲ್ಲಿಂದ ಹೊಸ ಶಾಲೆ ತನ್ನ ಪಟ್ಟಿಗೆ ಎಳೆದುಕೊಳ್ಳುತ್ತದೆ. ಹಳೇ ಶಾಲೆ ಈ ಗುರುತು ಮಾಡಲು ಮರೆತರೆ ಇಲ್ಲಿ ಎಲ್ಲರೂ ಕಾಯುತ್ತಾ ಕೂರಬೇಕು. ಆದ್ದರಿಂದ ಟಿಸಿ ತೆಗೆದುಕೊಳ್ಳುವ ದಿನವೇ ಎರಡು ಕೆಲಸ ಮಾಡಿ. ಪೆನ್ ಸಂಖ್ಯೆ ಬರೆದುಕೊಳ್ಳಿ. "ಯುಡೈಸ್‌ನಲ್ಲಿ ಡ್ರಾಪ್‌ಬಾಕ್ಸ್‌ಗೆ ಹಾಕಿದ್ರಾ ಸರ್?" ಎಂದು ಕೇಳಿ, ಶಾಲೆಯ ಫೋನ್ ನಂಬರ್ ಇಟ್ಟುಕೊಳ್ಳಿ. ನೆನಪಿರಲಿ, ಆನ್‌ಲೈನ್ ಕೆಲಸ ಬಾಕಿ ಇದೆ ಎಂದು ಮಗುವನ್ನು ತರಗತಿಯಿಂದ ಹೊರಗಿಡುವ ಅಗತ್ಯ ಏನೂ ಇಲ್ಲ. ಅದು ಎರಡು ಶಾಲೆಗಳ ನಡುವಿನ ಕೆಲಸ. ಇದನ್ನು ಮೆತ್ತಗೆ, ಆದರೆ ಬಿಡದೆ ಹೇಳಿ.

6. ಯಾವ ತರಗತಿ?

ಮಗು ಮುಗಿಸಿದ ತರಗತಿಯ ಮುಂದಿನದ್ದೇ ಕೇಳಿ. "ಮರಾಠಿ ಬರಲ್ಲ, ಒಂದು ವರ್ಷ ಹಿಂದೆ ಕೂರಿಸೋಣ" ಎಂಬ ಸಲಹೆ ಬರುತ್ತದೆ. ಒಪ್ಪಬೇಡಿ. ಒಂದು ಭಾಷೆ ಬರುವುದಿಲ್ಲವೆಂದು ಗಣಿತ, ವಿಜ್ಞಾನವನ್ನೂ ಮತ್ತೊಮ್ಮೆ ಓದಿಸುವುದು ಮಗುವಿಗೆ ಮಾಡುವ ಅನ್ಯಾಯ. ನಡುವೆ ಓದು ಬಿಟ್ಟುಹೋದ ಮಗುವಿಗೂ ವಯಸ್ಸಿಗೆ ತಕ್ಕ ತರಗತಿ ಮತ್ತು ವಿಶೇಷ ತರಬೇತಿ ಕೊಡಬೇಕೆಂದು ಆರ್‌ಟಿಇ 4ನೇ ಸೆಕ್ಷನ್ ಹೇಳುತ್ತದೆ.

ಒಂದನೇ ತರಗತಿಗೆ ಮಾತ್ರ ವಯಸ್ಸಿನ ಲೆಕ್ಕ ನೋಡಿಕೊಳ್ಳಿ. ಕೆವಿಯಲ್ಲಿ ಮಾರ್ಚ್ 31ಕ್ಕೆ 6 ತುಂಬಿರಬೇಕು. ಮಹಾರಾಷ್ಟ್ರ ರಾಜ್ಯದ ಶಾಲೆಗಳಲ್ಲಿ ಡಿಸೆಂಬರ್ 31ಕ್ಕೆ. ಅಕ್ಟೋಬರಿನಲ್ಲಿ ಹುಟ್ಟಿದ ಮಗು ಇಲ್ಲಿನ ಪಾಲಿಕೆ ಶಾಲೆಗೆ ಸೇರಬಹುದು, ಅದೇ ವರ್ಷ ಕೆವಿಗೆ ಆಗುವುದಿಲ್ಲ.

ಶಾಲೆ ತೆರೆಯುವ ಸಮಯವೂ ಬೇರೆ ಬೇರೆ. ಕೆವಿ ಮತ್ತು ಸಿಬಿಎಸ್‌ಇ ಶಾಲೆಗಳು ಏಪ್ರಿಲ್‌ನಲ್ಲೇ ಶುರು. ಮುಂಬೈ, ಪುಣೆಯ ರಾಜ್ಯ ಮಂಡಳಿ ಶಾಲೆಗಳು ಜೂನ್ ಮಧ್ಯದಲ್ಲಿ. ಕರ್ನಾಟಕದಿಂದ ಬೇಸಿಗೆ ರಜೆ ಮುಗಿಸಿ ಬಂದರಾಯಿತು ಎಂದುಕೊಂಡವರಿಗೆ ಕೆವಿಯಲ್ಲಿ ಏಪ್ರಿಲ್ ತಿಂಗಳ ಪಾಠ ತಪ್ಪಿರುತ್ತದೆ.

7. ಭಾಷೆ: ಮರಾಠಿಗೆ ಹೆದರಬೇಡಿ, ಕನ್ನಡ ಬಿಡಬೇಡಿ

2020ರ ಕಾಯ್ದೆಯ ಪ್ರಕಾರ ಮಹಾರಾಷ್ಟ್ರದಲ್ಲಿ ಯಾವ ಮಂಡಳಿಯ ಶಾಲೆಯಾದರೂ ಮರಾಠಿ ಕಲಿಸಬೇಕು. ಹೊಸದಾಗಿ ಬಂದ ಮಗುವಿಗೆ ಮೌಲ್ಯಮಾಪನ ಹೇಗೆ, ರಿಯಾಯಿತಿ ಏನು ಎಂದು ಸೇರುವ ದಿನವೇ ಲಿಖಿತವಾಗಿ ಕೇಳಿ. ಪರೀಕ್ಷೆಯ ಹಿಂದಿನ ವಾರ ಕೇಳಿದರೆ ಪ್ರಯೋಜನವಿಲ್ಲ.

ಪುಸ್ತಕದ ಬಗ್ಗೆ ಒಂದು ಮಾತು. ಮರಾಠಿ ಮಾಧ್ಯಮದ ಮಕ್ಕಳಿಗೆ "ಬಾಲಭಾರತಿ", ಬೇರೆ ಮಾಧ್ಯಮದವರಿಗೆ "ಸುಲಭಭಾರತಿ" ಎಂಬ ಹಗುರವಾದ ಮರಾಠಿ ಪುಸ್ತಕ. ಅಂಗಡಿಯಲ್ಲಿ ಸುಲಭಭಾರತಿಯನ್ನೇ ಕೇಳಿ. ಎರಡು ತರಗತಿ ಕೆಳಗಿನದ್ದರಿಂದ ಶುರು ಮಾಡಿ, ದಿನಾ ಅರ್ಧ ಗಂಟೆ. ಬಾಲಭಾರತಿ ಸಂಸ್ಥೆಯ ಜಾಲತಾಣದಲ್ಲಿ ಪುಸ್ತಕಗಳು ಉಚಿತವಾಗಿ ಸಿಗುತ್ತವೆ, ಕನ್ನಡ ಮಾಧ್ಯಮದವೂ ಇವೆ. ಹಿಂದಿ ಓದಲು ಬರುವ ಮಗುವಿಗೆ ಲಿಪಿ ಹೊಸದಲ್ಲ, "ಳ" ಅಂತೂ ನಮ್ಮದೇ. ತೊಡಕಾಗುವುದು ಸಂಖ್ಯೆಗಳಲ್ಲಿ. 21ರಿಂದ 99ರವರೆಗೆ ಮರಾಠಿಯಲ್ಲಿ ಬಾಯಿಪಾಠ ಮಾಡಿಸಿ. ಗಣಿತದ ಟೀಚರ್ "ಸತ್ತೇಚಾಳೀಸ್" ಎಂದಾಗ ಮಗು 47 ಎಂದು ಬರೆಯುವಂತಾದರೆ ಅರ್ಧ ಭಯ ಹೋದ ಹಾಗೆ.

ಕನ್ನಡ ಮಾಧ್ಯಮ ಬೇಕೆನ್ನುವವರಿಗೆ ದಾರಿ ಇದೆ. ಮುಂಬೈ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅದರಲ್ಲಿದೆ. ವಡಾಲಾದಲ್ಲಿ ಎನ್‌ಕೆಇಎಸ್, ಅಂದರೆ ನ್ಯಾಷನಲ್ ಕನ್ನಡ ಎಜುಕೇಷನ್ ಸೊಸೈಟಿಯ ಶಾಲೆ ಇದೆ. ಗೋವಾದಲ್ಲೂ ಕನ್ನಡ ಮಾಧ್ಯಮದ ಸರ್ಕಾರಿ ಪ್ರಾಥಮಿಕ ಶಾಲೆಗಳಿವೆ. ಎರಡು ವರ್ಷದಲ್ಲಿ ಕರ್ನಾಟಕಕ್ಕೇ ವಾಪಸ್ ಹೋಗುವ ಮಗುವಿಗೆ, ಅದರಲ್ಲೂ ಕನ್ನಡದಲ್ಲೇ ಓದು ಕಲಿತ ಚಿಕ್ಕ ಮಗುವಿಗೆ ಇದೇ ಒಳ್ಳೆಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬೇರೆ ಕಡೆ ಓದುವ ಮಕ್ಕಳಿಗೆ ಮನೆಯಲ್ಲಿ ಕನ್ನಡ ಓದಿಸಿ, ಬರೆಸಿ. ಕರ್ನಾಟಕದಲ್ಲಿ ಕನ್ನಡ ಕಲಿಕೆ ಕಡ್ಡಾಯ. ಅಲ್ಲಿಗೆ ವಾಪಸ್ ಹೋದಾಗ ಅಕ್ಷರವೇ ಮರೆತಿದ್ದರೆ ಪರದಾಟ.

8. 9ನೇ ತರಗತಿಯಿಂದ ಮೇಲೆ: ಮೊದಲೇ ಯೋಚಿಸಿ

ಸಿಬಿಎಸ್‌ಇಯಲ್ಲಿ 9 ಮತ್ತು 11ನೇ ತರಗತಿಯಲ್ಲಿ ನೋಂದಣಿ ಆಗುತ್ತದೆ. 10 ಮತ್ತು 12ರಲ್ಲಿ ಶಾಲೆ ಬದಲಿಸಲು ಮಂಡಳಿಯ ಒಪ್ಪಿಗೆ ಬೇಕು. ಪೋಷಕರ ವರ್ಗಾವಣೆ ಅದಕ್ಕೆ ಒಪ್ಪುವ ಕಾರಣ. ಅರ್ಜಿ ಹೋಗುವುದು ಹೊಸ ಶಾಲೆಯ ಮೂಲಕ, ಕೊನೆಯ ದಿನಾಂಕ ಇರುತ್ತದೆ.

9ರಲ್ಲಿ ಭಾಷೆ ಆರಿಸುವಾಗ ಮುಂದಿನ ಊರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬೆಂಗಳೂರಿನ ಸಿಬಿಎಸ್‌ಇ ಶಾಲೆಯಲ್ಲಿ ಕನ್ನಡ ತೆಗೆದುಕೊಂಡ ಮಗು 10ಕ್ಕೆ ಪುಣೆಗೆ ಬಂದರೆ ಇಲ್ಲಿ ಕಲಿಸುವವರು ಸಿಗುವುದು ಕಷ್ಟ. ಪೋಸ್ಟಿಂಗ್ ಬರುವ ಸೂಚನೆ ಇದ್ದರೆ ಹಿಂದಿ ಸುರಕ್ಷಿತ. ಹೇಳಲು ನೋವಾಗುತ್ತದೆ, ಆದರೆ ಇದ್ದದ್ದು ಹೀಗೆ.

10 ಅಥವಾ 12ರ ನಡುವೆ ಪೋಸ್ಟಿಂಗ್ ಬಂದರೆ ಕುಟುಂಬ ಆ ವರ್ಷ ಹಳೇ ಊರಲ್ಲೇ ಇರುವುದು ಉತ್ತಮ. ಮಕ್ಕಳ ಓದಿನ ಕಾರಣಕ್ಕೆ ಕ್ವಾರ್ಟರ್ಸ್ ಉಳಿಸಿಕೊಳ್ಳಲು ಅವಕಾಶವಿದೆ, ಆರ್ಡರ್ ಬಂದ ವಾರವೇ ಯೂನಿಟ್‌ನಲ್ಲಿ ಅರ್ಜಿ ಹಾಕಿ.

ಕರ್ನಾಟಕದ ಸಿಇಟಿ ಸೀಟಿನ ಆಸೆ ಇರುವವರು ಗಮನಿಸಿ. ಸಾಮಾನ್ಯ ನಿಯಮದಲ್ಲಿ ರಾಜ್ಯದಲ್ಲಿ 7 ವರ್ಷ ಓದಿರಬೇಕು. ಸೈನಿಕರ ಮಕ್ಕಳಿಗೆ, ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆ ಬೇರೆ ಕಲಮುಗಳಿವೆ. ಹೊರನಾಡು, ಗಡಿನಾಡು ಕಲಮಿನಲ್ಲಿ ಬರುವವರಿಗೆ ಕನ್ನಡ ಭಾಷಾ ಪರೀಕ್ಷೆಯೂ ಇದೆ. ಯಾವ ದಾರಿಯಾದರೂ ಯಾವ ವರ್ಷ ಎಲ್ಲಿ ಓದಿದ್ದು ಎಂಬ ವ್ಯಾಸಂಗ ಪ್ರಮಾಣಪತ್ರ ಬೇಕು. ಐದು ಶಾಲೆ ಬದಲಿಸಿದ ಮಗುವಿಗೆ ಐದು ಪತ್ರ. ಪ್ರತಿ ಶಾಲೆ ಬಿಡುವಾಗಲೇ ತೆಗೆದು ಫೈಲಿಗೆ ಹಾಕಿ.

9. ಕಾಗದವೇ ಇಲ್ಲದವರಿಗೆ

ಕಟ್ಟಡದ ಕೆಲಸಕ್ಕೆ ಬಂದವರು ದಯವಿಟ್ಟು ಇದನ್ನು ಓದಿ, ಇಲ್ಲವೇ ಓದುವವರು ಅವರಿಗೆ ಹೇಳಿ. ವಯಸ್ಸಿನ ದಾಖಲೆ ಇಲ್ಲವೆಂದು ಶಾಲೆ ಮಗುವನ್ನು ವಾಪಸ್ ಕಳಿಸುವಂತಿಲ್ಲ. ಆಸ್ಪತ್ರೆಯ ಅಥವಾ ಅಂಗನವಾಡಿಯ ದಾಖಲೆ ನಡೆಯುತ್ತದೆ, ಅದೂ ಇಲ್ಲದಿದ್ದರೆ ಪೋಷಕರು ಬರೆದುಕೊಡುವ ಘೋಷಣೆ ಸಾಕು. ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು. ಆಧಾರ್ ಇಲ್ಲ ಎಂಬುದು ನಿರಾಕರಿಸಲು ಕಾರಣವಲ್ಲ, 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ವಲಸೆ ಕುಟುಂಬದ ಮಕ್ಕಳ ದಾಖಲಾತಿಯನ್ನು ನೋಡಿಕೊಳ್ಳುವುದು ಸ್ಥಳೀಯ ಸಂಸ್ಥೆಯ ಕರ್ತವ್ಯ ಎಂದು ಕಾಯ್ದೆಯಲ್ಲೇ ಬರೆದಿದೆ.

ಮಹಾರಾಷ್ಟ್ರದೊಳಗೇ ಊರೂರು ಹೋಗುವವರು "ಶಿಕ್ಷಣ ಹಮೀ ಕಾರ್ಡ್" ಕೇಳಿ. ವಲಸೆ ಹೋಗುವ ಮಗುವಿಗೆ ಶಾಲೆ ಕೊಡುವ ಕಾರ್ಡು ಇದು, ತೋರಿಸಿದರೆ ಮುಂದಿನ ಊರಿನ ಶಾಲೆ ಕೂರಿಸಿಕೊಳ್ಳುತ್ತದೆ. ಪುಣೆಯ ಕಟ್ಟಡ ಸೈಟುಗಳಲ್ಲಿ ಡೋರ್ ಸ್ಟೆಪ್ ಸ್ಕೂಲ್ ಎಂಬ ಸಂಸ್ಥೆ ಕೆಲಸ ಮಾಡುತ್ತದೆ. ಸೈಟಿನ ಸೂಪರ್‌ವೈಸರ್ ಹತ್ತಿರ ವಿಚಾರಿಸಿ.

10. ಮೊದಲ ಹದಿನೈದು ದಿನ

ಕ್ಲಾಸ್ ಟೀಚರ್‌ಗೆ ಒಂದು ಪುಟ ಬರೆದುಕೊಡಿ. ಮಗುವಿಗೆ ಯಾವ ಭಾಷೆ ಬರುತ್ತದೆ, ಹಿಂದೆ ಎಷ್ಟು ಶಾಲೆ ಬದಲಾಗಿದೆ, ಯಾವ ವಿಷಯದಲ್ಲಿ ಗಟ್ಟಿ, ಎಲ್ಲಿ ಹಿಂದೆ, ಯಾವುದಕ್ಕೆ ಹೆದರುತ್ತದೆ. ಅಪ್ಪ ಗಡಿಯಲ್ಲಿದ್ದಾರೆ, ವಾರಗಟ್ಟಲೆ ಫೋನ್ ಬರುವುದಿಲ್ಲ ಎಂದಿದ್ದರೆ ಅದನ್ನೂ ಬರೆಯಿರಿ. ಮಗು ಸುಮ್ನೆ ಕಿಟಕಿ ನೋಡುತ್ತಾ ಕೂತರೆ ಟೀಚರ್ ಬೈಯುವ ಬದಲು ಹತ್ತಿರ ಬರುತ್ತಾರೆ. ಊಟಕ್ಕೆ ಜೊತೆ ಕೂರಲು, ಆ ದಿನದ ಪಾಠ ತೋರಿಸಲು ಒಬ್ಬ ಸಹಪಾಠಿಯನ್ನು ಗೊತ್ತು ಮಾಡಿಕೊಡಿ ಎಂದು ಕೇಳಿ. ಇದನ್ನು ಕೇಳಲು ಸಂಕೋಚ ಬೇಡ. ಖಡ್ಕಿ, ಕೊಲಾಬಾ, ವಾಸ್ಕೋ ಕಡೆಯ ಶಿಕ್ಷಕರು ಇಂಥ ಮಕ್ಕಳನ್ನು ಬಹಳ ನೋಡಿದವರು.

ಅಂಗವೈಕಲ್ಯ ಅಥವಾ ಕಲಿಕೆಯ ತೊಂದರೆ ಇರುವ ಮಗುವಾದರೆ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ), ವೈದ್ಯರ ವರದಿ, ಹಳೇ ಶಾಲೆ ಕೊಡುತ್ತಿದ್ದ ಸೌಲಭ್ಯಗಳ ಪಟ್ಟಿ, ಇವನ್ನು ಸೇರುವ ದಿನವೇ ಕೊಡಿ. ಹೊಸ ಶಾಲೆ ಮತ್ತೆ ಮೊದಲಿನಿಂದ ಪರೀಕ್ಷಿಸುತ್ತಾ ಅರ್ಧ ವರ್ಷ ಕಳೆಯಬಾರದು.

11. ಆಗಲ್ಲ ಅಂದರೆ

ಬಾಯಿಮಾತಿನ "ಆಗಲ್ಲ"ವನ್ನು ಒಪ್ಪಬೇಡಿ. "ಕಾರಣ ಬರೆದುಕೊಡಿ" ಎನ್ನಿ. ಬಹಳ ಸಲ ಮಾತು ಅಲ್ಲೇ ತಿರುಗುತ್ತದೆ. ಆಗಲೂ ಆಗದಿದ್ದರೆ ನಗರದಲ್ಲಿ ಪಾಲಿಕೆಯ ಶಿಕ್ಷಣ ವಿಭಾಗ, ಹಳ್ಳಿ ಕಡೆ ಪಂಚಾಯತ್ ಸಮಿತಿಯ ಗಟ ಶಿಕ್ಷಣಾಧಿಕಾರಿ (ನಮ್ಮ ಬಿಇಒ ಇದ್ದ ಹಾಗೆ), ಗೋವಾದಲ್ಲಿ ತಾಲೂಕಿನ ಎಡಿಇಐ (ಸಹಾಯಕ ಜಿಲ್ಲಾ ಶಿಕ್ಷಣ ನಿರೀಕ್ಷಕ) ಕಚೇರಿ ಅಥವಾ ಪರ್ವರಿಯ ಶಿಕ್ಷಣ ನಿರ್ದೇಶನಾಲಯ. ಆರ್‌ಟಿಇ 32ನೇ ಸೆಕ್ಷನ್ ಪ್ರಕಾರ ಲಿಖಿತ ದೂರನ್ನು ಸ್ಥಳೀಯ ಸಂಸ್ಥೆ ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ಆ ಮೂರು ತಿಂಗಳು ಮಗು ಮನೆಯಲ್ಲಿ ಕಾಯುವುದು ಬೇಡ, ಹತ್ತಿರದ ಇನ್ನೊಂದು ಪಾಲಿಕೆ ಶಾಲೆಗೆ ಅಂದೇ ಸೇರಿಸಿ, ದೂರು ಅದರ ಪಾಡಿಗೆ ನಡೆಯಲಿ.

ಅರ್ಜಿ ಒಂದೇ ಪುಟ ಇರಲಿ. ಮಗುವಿನ ಹೆಸರು, ತರಗತಿ, ಶಾಲೆಗೆ ಹೋದ ದಿನಾಂಕ, ಅಲ್ಲಿ ಏನು ಹೇಳಿದರು, 5ನೇ ಸೆಕ್ಷನ್, ಇಷ್ಟು ಸಾಕು. ಮರಾಠಿಯಲ್ಲಿ ಬರೆಸಿದರೆ ಕೆಲಸ ಬೇಗ ಆಗುತ್ತದೆ. ಎರಡು ಪ್ರತಿ ಒಯ್ಯಿರಿ. ಒಂದು ಅವರಿಗೆ ಕೊಡಿ, ಇನ್ನೊಂದರ ಮೇಲೆ "ಪೋಚ್", ಅಂದರೆ ತಲುಪಿದ ಮುದ್ರೆ ಹಾಕಿಸಿ, ಅದರ ಪಕ್ಕ ಆವಕ್ ನಂಬರ್ (ಕಚೇರಿಯ ಸ್ವೀಕೃತಿ ಸಂಖ್ಯೆ) ಬರೆಸಿಕೊಂಡೇ ಬನ್ನಿ.